ಬೇಲಿಯೊಳಗಿನ ಬೇಟೆ, ಚೌಕಟ್ಟಿನಾಚೆಯ ಬೇಲಿ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಸ್ಸೀರಿಯಾದ ದೊರೆ ಅಶುರ್‌ಬನಿಪಾಲನ ಸಿಂಹಬೇಟೆಯ ಉಬ್ಬುಶಿಲ್ಪಗಳಿವೆ. ಕ್ರಿ.ಪೂ. 645ರ ಸುಮಾರಿಗೆ ನಿನೆವೆಯ ಅರಮನೆಯ ಗೋಡೆಗಳಿಗೆಂದು ಕೆತ್ತಿದ ಈ ಕಲ್ಲುಗಳನ್ನು 1853ರಲ್ಲಿ ಹೊರ್ಮುಜ್ದ್ ರಸ್ಸಾಮ್ ಬೆಳಕಿಗೆ ತಂದ. ಮೈಗೆಲ್ಲ ಬಾಣ ನಾಟಿ, ಹಿಂಗಾಲುಗಳನ್ನು ಎಳೆದುಕೊಂಡು ಸಾಗುವ ಹೆಣ್ಣುಸಿಂಹದ ಚಿತ್ರವನ್ನು ಕಲೆಯ ಚರಿತ್ರೆ ಓದಿದವರು ನೋಡಿಯೇ ಇರುತ್ತಾರೆ. ಅದೇ ಸಾಲಿನಲ್ಲಿ ಅಷ್ಟಾಗಿ ಕಣ್ಣಿಗೆ ಬೀಳದ ಇನ್ನೊಂದು ಸಂಗತಿಯಿದೆ. ಒಂದು ಮರದ ಬೋನು, ಅದರ ಮೇಲೊಂದು ಪುಟ್ಟ ಗೂಡು. ಗೂಡಿನೊಳಗೆ ಕೂತ ಆಳು ಬೋನಿನ ಬಾಗಿಲನ್ನು ಮೇಲಕ್ಕೆತ್ತುತ್ತಿದ್ದಾನೆ, ಸಿಂಹ ಹೊರಗೆ ಬರುತ್ತಿದೆ. ಸುತ್ತಲೂ ಗುರಾಣಿ ಹಿಡಿದ ಸೈನಿಕರು, ಬೇಟೆನಾಯಿಗಳು. ಹೊರಬಂದ ಸಿಂಹಕ್ಕೆ ದೊರೆಯಿರುವ ಕಡೆಗಲ್ಲದೆ ಬೇರೆಲ್ಲೂ ದಾರಿಯಿಲ್ಲ. ಚೆನ್ನಾಗಿ ಕಾಣಲೆಂದು ಗುಡ್ಡ ಹತ್ತುತ್ತಿರುವ ಊರ ಜನವೂ ಆ ಕಲ್ಲುಗಳಲ್ಲಿದ್ದಾರೆ.

ಹಾಗಾಗಿ ಸುತ್ತುಗಟ್ಟಿ ಬೇಟೆಯಾಡುವುದೂ, ಅದನ್ನು ಚಿತ್ರ ಮಾಡಿ ಮೆರೆಸುವುದೂ ಇಂದು ನಿನ್ನೆಯದಲ್ಲ. ಅಶುರ್‌ಬನಿಪಾಲನ ಶಿಲ್ಪಿ ಮಾತ್ರ ಬೋನನ್ನು ಮುಚ್ಚಿಡಲಿಲ್ಲ. ಸಿಂಹವನ್ನು ಹಿಡಿದು ತರಿಸಿ, ಬೇಕೆಂದಾಗ ಬಿಡಿಸಿ, ಜನರ ಕಣ್ಣೆದುರು ಕೊಲ್ಲುವ ಶಕ್ತಿಯನ್ನೇ ದೊರೆ ತೋರಿಸಬೇಕಿತ್ತು. ಬೋನು ಅವನ ಅಧಿಕಾರದ ಗುರುತು. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಮೆರಾದ ಮುಂದೆ ಬೇಟೆಯಾಡಿದವರಿಗೆ ಆ ಬೋನೇ ನಾಚಿಕೆಯ ವಸ್ತುವಾಯಿತು. ಎರಡರ ನಡುವೆ ಏನಾಯಿತು ಎಂದು ಕೇಳಿದರೆ ಅಮೆರಿಕದ ಬೇಟೆಯ ಚರಿತ್ರೆಗೆ ಹೋಗಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಕಾಡೆಮ್ಮೆಗಳ ಮಹಾಮಂದೆಗಳು ಮಾರುಕಟ್ಟೆಗಾಗಿ ಕೊಲ್ಲುವವರ ಬಂದೂಕಿಗೆ ಸಿಕ್ಕಿ ಮುಗಿದೇಹೋಗಿದ್ದವು. ಬೇಟೆ ಮುಂದುವರಿಯಬೇಕಾದರೆ ಬೇಟೆಗಾರರೇ ತಮಗೆ ಕಡಿವಾಣ ಹಾಕಿಕೊಳ್ಳಬೇಕು ಎಂಬ ಯೋಚನೆ ಆಗ ಬಲವಾಯಿತು. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತವನ ಗೆಳೆಯರು ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ಅಲ್ಲಿ ಬೆಳೆದ ತತ್ವಕ್ಕೆ ‘ಫೇರ್ ಚೇಸ್’ ಎಂದು ಹೆಸರು. ಪ್ರಾಣಿ ಸ್ವತಂತ್ರವಾಗಿ ಓಡಾಡುವ ಕಾಡುಪ್ರಾಣಿಯಾಗಿರಬೇಕು, ಬೇಟೆಗಾರನಿಗೆ ಅದರ ಮೇಲೆ ಅನ್ಯಾಯದ ಮೇಲುಗೈ ಇರಬಾರದು ಎಂಬುದು ಅದರ ತಿರುಳು. ಸರಳವಾಗಿ ಹೇಳುವುದಾದರೆ, ತಪ್ಪಿಸಿಕೊಳ್ಳುವ ಅವಕಾಶ ಪ್ರಾಣಿಗೆ ನಿಜವಾಗಿಯೂ ಇರಬೇಕು. ಬೇಲಿಯೊಳಗೆ ಹೊಡೆದ ಪ್ರಾಣಿಯ ಕೊಂಬಿಗೆ ಆ ಕ್ಲಬ್ಬಿನ ದಾಖಲೆ ಪುಸ್ತಕದಲ್ಲಿ ಇಂದಿಗೂ ಜಾಗವಿಲ್ಲ.

ಈ ತತ್ವವನ್ನು ಲೋಕಪ್ರಸಿದ್ಧ ಮಾಡಿದ ಘಟನೆ 1902ರ ನವೆಂಬರಿನದು. ಆಗ ಅಧ್ಯಕ್ಷನಾಗಿದ್ದ ರೂಸ್‌ವೆಲ್ಟ್ ಮಿಸಿಸಿಪಿಗೆ ಕರಡಿ ಬೇಟೆಗೆ ಹೋಗಿದ್ದ. ದಾರಿ ತೋರಲು ಬಂದಿದ್ದವನು ಹೋಲ್ಟ್ ಕೊಲಿಯರ್. ಗುಲಾಮನಾಗಿ ಹುಟ್ಟಿ ಹೆಸರಾಂತ ಬೇಟೆಗಾರನಾದವನು. ನಾಯಿಗಳು ಸುತ್ತುವರಿದ ಕರಡಿಯೊಂದನ್ನು ಕೊಲಿಯರ್ ಬಡಿದು, ಮರಕ್ಕೆ ಕಟ್ಟಿ, ಅಧ್ಯಕ್ಷನಿಗೆ ಹೇಳಿ ಕಳಿಸಿದ. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹೊಡೆಯಲು ರೂಸ್‌ವೆಲ್ಟ್ ಒಪ್ಪಲಿಲ್ಲ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಕ್ಲಿಫರ್ಡ್ ಬೆರಿಮನ್ ಇದನ್ನು ವ್ಯಂಗ್ಯಚಿತ್ರ ಮಾಡಿದ, ‘ಟೆಡ್ಡಿ’ ಗೊಂಬೆ ಹುಟ್ಟಿಕೊಂಡಿತು. ಚಿತ್ರದಲ್ಲಿ ಕಾಣದ ಭಾಗವೊಂದಿದೆ. ಗಾಯಗೊಂಡಿದ್ದ ಆ ಕರಡಿಯ ನರಳಾಟ ಮುಗಿಸಿ ಎಂದು ರೂಸ್‌ವೆಲ್ಟ್ ಹೇಳಿದ, ಅದನ್ನು ಚಾಕುವಿನಿಂದ ಕೊಂದರು. ನ್ಯಾಯದ ಬೇಟೆಯ ಅತ್ಯಂತ ಜನಪ್ರಿಯ ಕಥೆಯೂ ಪ್ರಾಣಿಯ ಸಾವನ್ನು ಕತ್ತರಿಸಿಯೇ ನಮ್ಮ ಕೈಗೆ ಬಂದಿದೆ.

ಕತ್ತರಿಸುವ ಕೆಲಸಕ್ಕೆ ಸಿನಿಮಾ ಬಂದಮೇಲೆ ಇನ್ನೂ ಅನುಕೂಲವಾಯಿತು. 1909ರಲ್ಲಿ ರೂಸ್‌ವೆಲ್ಟ್ ಆಫ್ರಿಕಾಕ್ಕೆ ದೊಡ್ಡ ಬೇಟೆಯಾತ್ರೆ ಹೊರಟಾಗ ಷಿಕಾಗೋದ ಚಿತ್ರನಿರ್ಮಾಪಕ ವಿಲಿಯಂ ಸೆಲಿಗ್ ತನ್ನ ಕ್ಯಾಮೆರಾದವನನ್ನೂ ಜೊತೆಗೆ ಕಳಿಸಲು ನೋಡಿದ, ಆಗಲಿಲ್ಲ. ಅವನೇನೂ ಧೃತಿಗೆಡಲಿಲ್ಲ. ಷಿಕಾಗೋದಲ್ಲೇ ಕಾಡಿನ ಸೆಟ್ ಹಾಕಿಸಿದ. ರೂಸ್‌ವೆಲ್ಟನನ್ನು ಹೋಲುವ ನಟನನ್ನು ಹಿಡಿದ. ಆಫ್ರಿಕಾದ ಆಳುಗಳ ಪಾತ್ರಕ್ಕೆ ಅಮೆರಿಕದ ಕಪ್ಪುಜನರನ್ನು ಕರೆತಂದ. ವಯಸ್ಸಾದ ಸಿಂಹವೊಂದನ್ನು ಕೊಂಡುತಂದು ಆವರಣದೊಳಗೆ ಬಿಡಿಸಿ, ಕ್ಯಾಮೆರಾ ತಿರುಗುತ್ತಿರುವಾಗಲೇ ಗುಂಡು ಹೊಡೆಸಿದ. ‘ಹಂಟಿಂಗ್ ಬಿಗ್ ಗೇಮ್ ಇನ್ ಆಫ್ರಿಕಾ’ ಎಂಬ ಈ ಚಿತ್ರ ಅದೇ ವರ್ಷ ತೆರೆಕಂಡು ದುಡ್ಡು ಮಾಡಿತು. ಹೆಸರಿನಲ್ಲಿ ರೂಸ್‌ವೆಲ್ಟ್ ಇರಲಿಲ್ಲ. ಊಹಿಸಿಕೊಳ್ಳುವ ಕೆಲಸವನ್ನು ಜನರಿಗೇ ಬಿಟ್ಟಿದ್ದ. ಮರುವರ್ಷ ಚೆರಿ ಕಿಯರ್ಟನ್ ಎಂಬ ಛಾಯಾಗ್ರಾಹಕ ನಿಜವಾಗಿಯೂ ಆಫ್ರಿಕಾದಲ್ಲಿ ತೆಗೆದ ‘ರೂಸ್‌ವೆಲ್ಟ್ ಇನ್ ಆಫ್ರಿಕಾ’ ಬಂತು. ಅದರಲ್ಲಿ ರೂಸ್‌ವೆಲ್ಟ್ ಸಿಂಹ ಕೊಲ್ಲುವ ದೃಶ್ಯವಿರಲಿಲ್ಲ. ಸೆಲಿಗ್‌ನ ನಕಲಿಗೆ ಸಿಕ್ಕ ಗೆಲುವು ಈ ಅಸಲಿಗೆ ಸಿಗಲಿಲ್ಲ.

ಮುಂದೆ ಟೆಲಿವಿಷನ್ನಿಗೆ ಬಂದ ಕಷ್ಟವೆಲ್ಲ ಈ ಎರಡು ಚಿತ್ರಗಳಲ್ಲೇ ಇತ್ತು. ಕಾಡಿನ ಬೇಟೆ ಎಂದರೆ ಬಹುಪಾಲು ಕಾಯುವುದು. ಚಳಿಯಲ್ಲಿ ಕೂತಿರಬೇಕು, ಗಾಳಿಯ ದಿಕ್ಕು ನೋಡಬೇಕು, ನಾಲ್ಕು ದಿನ ಅಲೆದು ಬರಿಗೈಯಲ್ಲಿ ಬರಬೇಕು. ಟೀವಿ ಅಷ್ಟು ಹೊತ್ತು ಕಾಯುವುದಿಲ್ಲ. 1965ರಲ್ಲಿ ಎಬಿಸಿ ವಾಹಿನಿ ‘ದಿ ಅಮೆರಿಕನ್ ಸ್ಪೋರ್ಟ್ಸ್‌ಮನ್’ ಶುರುಮಾಡಿತು. ಖ್ಯಾತನಾಮರು ಬೇಟೆ, ಮೀನು ಹಿಡಿಯುವುದು ಎಂದು ಹೊರಡುವ ಆ ಕಾರ್ಯಕ್ರಮ ಎರಡು ದಶಕ ನಡೆಯಿತು. 1975ರ ಸೆಪ್ಟೆಂಬರಿನಲ್ಲಿ ಸಿಬಿಎಸ್ ವಾಹಿನಿ ‘ದಿ ಗನ್ಸ್ ಆಫ್ ಆಟಮ್’ ಎಂಬ ಸಾಕ್ಷ್ಯಚಿತ್ರದಲ್ಲಿ ಬೇಟೆಯನ್ನು ಹೊಗಳಿಕೆಯ ಸಂಗೀತವಿಲ್ಲದೆ ತೋರಿಸಿತು. ಬೇಟೆಗಾರರು ಸಿಟ್ಟಾದರು, ಜಾಹೀರಾತುದಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಬೇಟೆಯ ಟೀವಿಗೆ ದುಡ್ಡು ಎಲ್ಲಿಂದ ಬರುತ್ತದೆ, ಎಂಥದ್ದನ್ನು ತೋರಿಸಿದರೆ ನಿಲ್ಲುತ್ತದೆ ಎಂಬುದು ಆಗ ಎಲ್ಲರಿಗೂ ತಿಳಿಯಿತು.

1993ರಲ್ಲಿ ಔಟ್‌ಡೋರ್ ಚಾನೆಲ್ ಆರಂಭವಾದ ಮೇಲೆ ಹೊರಾಂಗಣದ ಹವ್ಯಾಸಗಳಿಗೇ ಮೀಸಲಾದ ವಾಹಿನಿಗಳ ಕಾಲ ಬಂತು. ಅರ್ಧ ಗಂಟೆಯ ಕಂತು, ಅದರಲ್ಲಿ ಜಾಹೀರಾತು, ಕೊನೆಗೊಂದು ಭಾರೀ ಕೊಂಬಿನ ಜಿಂಕೆ. ಮುಂದಿನ ವಾರ ಮತ್ತೆ ಹಾಗೆಯೇ. ಇತ್ತ ಟೆಕ್ಸಾಸ್ ಮೊದಲಾದ ಕಡೆ ಎಂಟಡಿ ಎತ್ತರದ ಬೇಲಿ ಹಾಕಿ, ಒಳ್ಳೆಯ ಮೇವು ಕೊಟ್ಟು, ತಳಿ ನೋಡಿ ಜಿಂಕೆ ಸಾಕುವ ಖಾಸಗಿ ರ‍್ಯಾಂಚುಗಳಿದ್ದವು. ಅಲ್ಲಿ ಕೊಂಬಿನ ಅಳತೆಗೆ ತಕ್ಕ ದರ. ವಾರಕ್ಕೊಂದು ಗೆಲುವು ಬೇಕಾದವರಿಗೆ ಗೆಲುವನ್ನು ಖಾತರಿಯಿಂದ ಕೊಡುವ ಜಾಗ ಅದು. ಒಪ್ಪಂದಕ್ಕೆ ಒಂದೇ ಅಡ್ಡಿ: ನೋಡುಗ ಮೆಚ್ಚುವುದು ಬೇಟೆಗಾರನ ಜಾಣ್ಮೆಯನ್ನು. ಬೇಲಿ ಕಂಡರೆ ಜಾಣ್ಮೆಯ ಬೆಲೆ ಇಳಿಯುತ್ತದೆ. ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರೆ ಬೇಲಿ ಕಾಣುವುದಿಲ್ಲ.

ಅಂಥ ತಿರುಗಿಸುವಿಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಸಂಗವೊಂದಿದೆ. 2004ರಲ್ಲಿ ಕಂಟ್ರಿ ಸಂಗೀತದ ಜನಪ್ರಿಯ ಗಾಯಕ ಟ್ರಾಯ್ ಜೆಂಟ್ರಿ ಮಿನೆಸೋಟಾದ ಸ್ಯಾಂಡ್‌ಸ್ಟೋನ್ ಬಳಿ ಸುಮಾರು 4,650 ಡಾಲರ್ ಕೊಟ್ಟು ಒಂದು ಕರಡಿಯನ್ನು ಕೊಂಡ. ಅದು ಛಾಯಾಗ್ರಾಹಕರಿಗೆ ತೋರಿಸಲೆಂದು ಮನುಷ್ಯರು ಸಾಕಿದ ಕರಡಿ, ಹೆಸರು ‘ಕಬಿ’. ಬೇಲಿಯೊಳಗೆ ಅದಕ್ಕೆ ಬಾಣ ಹೊಡೆದ. ಇದನ್ನೆಲ್ಲ ವಿಡಿಯೊ ಮಾಡಿ, ಕಾಡಿನಲ್ಲಿ ನ್ಯಾಯವಾಗಿ ಬೇಟೆಯಾಡಿದಂತೆ ಕಾಣುವ ಹಾಗೆ ಸಂಕಲನ ಮಾಡಲಾಯಿತು. ಸರ್ಕಾರಿ ಚೀಟಿಯಲ್ಲೂ ಅದು ಕಾಡುಕರಡಿ ಎಂದೇ ದಾಖಲಾಯಿತು. 2006ರ ನವೆಂಬರಿನಲ್ಲಿ ಡುಲುತ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ಅವನು ತಪ್ಪೊಪ್ಪಿಕೊಂಡ. 15,000 ಡಾಲರ್ ದಂಡ, ಮಿನೆಸೋಟಾದಲ್ಲಿ ಐದು ವರ್ಷ ಬೇಟೆ ಬಂದ್. ಬಿಲ್ಲನ್ನೂ ಹುಲ್ಲು ತುಂಬಿಸಿದ್ದ ಕರಡಿಯನ್ನೂ ಒಪ್ಪಿಸಬೇಕಾಯಿತು.

ಅವನು ಒಪ್ಪಿಕೊಂಡ ಅಪರಾಧ ಯಾವುದು ಎಂಬುದನ್ನು ಗಮನಿಸಬೇಕು: ಸುಳ್ಳು ಚೀಟಿ ಹಚ್ಚಿದ್ದು. 1900ರಷ್ಟು ಹಳೆಯದಾದ ಲೇಸಿ ಕಾಯಿದೆಯ ಕೈಗೆ ಸಿಕ್ಕಿದ್ದು ಕಾಗದದ ಮೇಲಿನ ಸುಳ್ಳು. ಕೈಯಿಂದ ತಿಂದು ಬೆಳೆದ, ಮನುಷ್ಯನನ್ನು ಕಂಡರೆ ಓಡಬೇಕೆಂದು ತಿಳಿಯದ ಪ್ರಾಣಿಯ ಮೇಲೆ ಬಾಣ ಬಿಟ್ಟದ್ದು ಆ ತಪ್ಪೊಪ್ಪಿಗೆಯ ಹೊರಗೇ ಉಳಿಯಿತು. ಹಾಗಾದರೆ ಜೆಂಟ್ರಿ ನಿಜವನ್ನೇ ಬರೆಸಿ, ಬೇಲಿಯನ್ನೂ ತೋರಿಸಿದ್ದರೆ ಎಲ್ಲ ಸರಿಹೋಗುತ್ತಿತ್ತೇ?

ಈ ಪ್ರಶ್ನೆಗೆ ನಮ್ಮ ನೆಲದಲ್ಲೊಂದು ಉತ್ತರವಿದೆ. ಮೈಸೂರು ಸಂಸ್ಥಾನದ ಖೆಡ್ಡಾ ಬೇಲಿಯೇ ಮುಖ್ಯವಾದ ಬೇಟೆ. 1870ರ ದಶಕದಲ್ಲಿ ಸ್ಯಾಂಡರ್ಸನ್ ಇಲ್ಲಿ ನೆಲೆಗೊಳಿಸಿದ ಆ ಪದ್ಧತಿಯಲ್ಲಿ ಆನೆಗಳ ಹಿಂಡನ್ನು ತಮಟೆ, ಬೆಂಕಿ, ಕೂಗುಗಳಿಂದ ಅಟ್ಟಿ ದಿಮ್ಮಿಗಳ ಆವರಣಕ್ಕೆ ನುಗ್ಗಿಸುತ್ತಿದ್ದರು. ಗಣ್ಯ ಅತಿಥಿಗಳು ಕೂತು ನೋಡುತ್ತಿದ್ದರು. ಕಾರಾಪುರದ ಮಾವುತನ ಮಗ ಸಾಬು ನಟಿಸಿದ, 1937ರಲ್ಲಿ ಬಂದ ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ರಾಬರ್ಟ್ ಫ್ಲಾಹರ್ಟಿ ಖೆಡ್ಡಾವನ್ನು ಕ್ಯಾಮೆರಾದಲ್ಲಿ ಹಿಡಿದ. ಅಲ್ಲಿ ಯಾರೂ ಬೇಲಿಯನ್ನು ಮರೆಮಾಡಲಿಲ್ಲ; ಬೇಲಿಯಿಲ್ಲದೆ ಖೆಡ್ಡಾವೇ ಇಲ್ಲ. ಆದರೂ ಕಾಕನಕೋಟೆಯಲ್ಲಿ 1971ರಲ್ಲಿ ನಡೆದದ್ದೇ ಕೊನೆಯ ಖೆಡ್ಡಾ ಆಯಿತು. ನಡೆದದ್ದನ್ನು ನಡೆದಂತೆ ತೋರಿಸಿದ್ದರಿಂದ ಮರಿಯಾನೆಗಳ ದಿಗಿಲೇನೂ ಕಡಿಮೆಯಾಗಿರಲಿಲ್ಲ.

2005ರಲ್ಲಿ ಟೆಕ್ಸಾಸಿನ ಒಬ್ಬ ಇನ್ನೂ ಮುಂದೆ ಹೋದ. ರ‍್ಯಾಂಚಿನಲ್ಲಿ ಕ್ಯಾಮೆರಾ ಮತ್ತು ಬಂದೂಕು ಜೋಡಿಸಿ, ಎಲ್ಲೋ ಕಂಪ್ಯೂಟರ್ ಮುಂದೆ ಕೂತವನು ಮೌಸ್ ಒತ್ತಿ ನಿಜವಾದ ಪ್ರಾಣಿಗೆ ಗುಂಡು ಹೊಡೆಯುವ ಏರ್ಪಾಡು ಮಾಡಿದ. ಅದರಲ್ಲಿ ಯಾವ ವಂಚನೆಯೂ ಇರಲಿಲ್ಲ, ಏನು ಮಾರುತ್ತಿದ್ದನೋ ಅದನ್ನೇ ಹೇಳಿ ಮಾರುತ್ತಿದ್ದ. ಪ್ರಾಣಿದಯಾ ಸಂಘಗಳಷ್ಟೇ ಜೋರಾಗಿ ಬೇಟೆಗಾರರ ಸಂಘಗಳೂ ವಿರೋಧಿಸಿದವು. ಟೆಕ್ಸಾಸ್ ಸೇರಿ ಹಲವು ರಾಜ್ಯಗಳು ಅದನ್ನು ನಿಷೇಧಿಸಿದವು. ಸತ್ಯ ಹೇಳುವುದು ಬೇರೆ, ಸರಿಯಾದದ್ದನ್ನು ಮಾಡುವುದು ಬೇರೆ ಎಂದು ಬೇಟೆಗಾರರೇ ಒಪ್ಪಿದಂತಾಯಿತು. ಅದಕ್ಕೂ ಮೊದಲು, 2000ನೇ ಇಸವಿಯಲ್ಲಿ, ಬೇಟೆಯ ಸಂಪ್ರದಾಯ ಗಟ್ಟಿಯಾಗಿರುವ ಮೊಂಟಾನಾ ರಾಜ್ಯದ ಮತದಾರರು ದುಡ್ಡು ತೆಗೆದುಕೊಂಡು ಸಾಕಿದ ಪ್ರಾಣಿಗಳನ್ನು ಹೊಡೆಯಗೊಡುವುದನ್ನು ಮತ ಹಾಕಿ ನಿಲ್ಲಿಸಿದ್ದರು.

ಬೇಲಿಯ ಪರವಾಗಿಯೂ ತಳ್ಳಿಹಾಕಲಾಗದ ಮಾತುಗಳಿವೆ. ನಮ್ಮ ಕೃಷ್ಣಮೃಗವನ್ನೇ ತೆಗೆದುಕೊಳ್ಳಿ. 1930ರ ದಶಕದಲ್ಲಿ ಟೆಕ್ಸಾಸಿಗೆ ಹೋದ ಅದು ಅಲ್ಲಿನ ರ‍್ಯಾಂಚುಗಳಲ್ಲಿ ಸಾವಿರಾರು ಸಂಖ್ಯೆಗೆ ಬೆಳೆದಿದೆ. ಇತ್ತ ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆ ಅದಕ್ಕೆ ಅತ್ಯುನ್ನತ ರಕ್ಷಣೆ ಕೊಟ್ಟಿತು, ರಾಣೆಬೆನ್ನೂರಿನಲ್ಲಿ ಅದಕ್ಕೆಂದೇ ಅಭಯಾರಣ್ಯವಾಯಿತು. ಟೆಕ್ಸಾಸಿನಲ್ಲಿ ಅದು ಕಾಸು ಕೊಟ್ಟವನ ಬೇಟೆ. ಆದರೆ ಪಾಕಿಸ್ತಾನದ ಕಾಡುಗಳಿಂದ ಕೃಷ್ಣಮೃಗ ಅಳಿದುಹೋದಾಗ ಲಾಲ್ ಸುಹಾನ್ರಾದಲ್ಲಿ ಅದನ್ನು ಮತ್ತೆ ನೆಲೆಗೊಳಿಸಲು ಪ್ರಾಣಿಗಳು ಬಂದದ್ದು ಟೆಕ್ಸಾಸಿನಿಂದಲೇ. ಬೇಟೆಯ ದುಡ್ಡಿಲ್ಲದಿದ್ದರೆ ಈ ಹಿಂಡುಗಳನ್ನು ಯಾರು ಸಾಕುತ್ತಿದ್ದರು ಎಂದು ರ‍್ಯಾಂಚಿನವರು ಕೇಳುತ್ತಾರೆ. ಸಾವಿರಾರು ಎಕರೆಯ ಬೇಲಿಯೂ ಕಬಿಯ ಆವರಣವೂ ಒಂದೇ ಅಲ್ಲ ಎಂದೂ ಹೇಳುತ್ತಾರೆ. ಎರಡೂ ನ್ಯಾಯವಾದ ಮಾತುಗಳೇ. ಕೋಳಿ, ಕುರಿ ತಿನ್ನುವವರಿಗೆ ಬೇಲಿಯೊಳಗಿನ ಜಿಂಕೆಯ ಬಗ್ಗೆ ಮಾತ್ರ ಯಾಕೆ ಕರುಣೆ ಎಂದರೂ ತಡವರಿಸಬೇಕಾಗುತ್ತದೆ.

ಆದರೆ ಕುರಿ ಕಡಿಯುವವನು ನಾನು ತೋಳವನ್ನು ಎದುರಿಸಿದೆ ಎಂದು ಹೇಳಿಕೊಳ್ಳುವುದಿಲ್ಲ. ಬೇಲಿಯೊಳಗಿನ ಟೀವಿಬೇಟೆಗೆ ಬೇಕಾಗಿರುವುದು ಆ ಹೇಳಿಕೆಯೇ. ಅದಕ್ಕಾಗಿ ಪ್ರಾಣಿಯ ಜೀವದ ಜೊತೆಗೆ ಅದರ ಬದುಕಿನ ಕಥೆಯನ್ನೂ ಕಿತ್ತುಕೊಳ್ಳಬೇಕಾಗುತ್ತದೆ. ಕಬಿ ಸತ್ತದ್ದು ಮನುಷ್ಯರ ಮೇಲಿನ ನಂಬಿಕೆಯಿಂದ. ಚೀಟಿಯೂ ವಿಡಿಯೊವೂ ಅಳಿಸಿದ್ದು ಆ ನಂಬಿಕೆಯನ್ನೇ. ಅದರ ಜಾಗದಲ್ಲಿ ಎಂದೂ ಇಲ್ಲದಿದ್ದ ಕಾಡುಕರಡಿಯೊಂದನ್ನು ಕೂರಿಸಿದರು. ನಿನೆವೆಯ ಶಿಲ್ಪಿ ಅದಕ್ಕೆ ಕೈಹಾಕಿರಲಿಲ್ಲ. ಅವನ ದೊರೆ ಕ್ರೂರಿಯೇ ಇರಬಹುದು. ಆದರೆ ಸಿಂಹ ಎಲ್ಲಿಂದ ಬಂತು, ಬಾಗಿಲು ಎತ್ತಿದವರು ಯಾರು ಎಂದು ಎರಡೂವರೆ ಸಾವಿರ ವರ್ಷದ ನಂತರವೂ ನಾವು ಆ ಕಲ್ಲಿನಲ್ಲಿ ನೋಡಬಹುದು. ಇಂದಿನ ಪರದೆಯ ಮೇಲೆ ಬೇಟೆಗಾರ ಸತ್ತ ಜಿಂಕೆಯ ಕೊಂಬು ಹಿಡಿದು ನಕ್ಕಾಗ, ಬಾಗಿಲು ಎತ್ತಿದ ಆಳನ್ನು ನಾವೇ ಹುಡುಕಿಕೊಳ್ಳಬೇಕಾಗಿದೆ.