ಚನ್ನಪಟ್ಟಣದ ಗಾಜು ಎಲ್ಲಿ ಹೋಯ್ತು?

ಮೈಸೂರು ರಸ್ತೆಯಲ್ಲಿ ಒಮ್ಮೆ ಹೋಗಿ ಬಂದವರಿಗೂ ಚನ್ನಪಟ್ಟಣ ಅಂದರೆ ಬೊಂಬೆ. ಆದರೆ ಬಿ.ಎಲ್. ರೈಸ್ 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರ್ ತೆರೆದು ನೋಡಿದರೆ ಅಲ್ಲಿ ಇನ್ನೊಂದು ಚನ್ನಪಟ್ಟಣ ಇದೆ. ಕೋಟೆಯ ಈಶಾನ್ಯಕ್ಕಿರುವ ಶುಕ್ರವಾರಪೇಟೆ ಮೂರು ಕಸುಬಿಗೆ ಹೆಸರುವಾಸಿ ಅಂತ ಅವರು ಬರೆಯುತ್ತಾರೆ. ಒಂದು, ಅರಗಿನ ಬಣ್ಣದ ಮರದ ಸಾಮಾನು ಮತ್ತು ಬೊಂಬೆ. ಎರಡು, ವೀಣೆಯಂಥ ವಾದ್ಯಗಳಿಗೆ ಬೇಕಾದ ಸಣ್ಣ ಉಕ್ಕಿನ ತಂತಿ. ಮೂರನೆಯದು ಗಾಜಿನ ಬಳೆ!

ಬೊಂಬೆ ಉಳಿದು ಊರಿನ ಹೆಸರೇ ಆಯಿತು. ತಂತಿಯ ವಿಷಯ ಸಂಗೀತದವರ ಬಾಯಲ್ಲಿ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಗಾಜಿನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಗಾಜಿನ ಕಲಾವಿದರು ಅಂದರೆ ನಮಗೆ ವೆನಿಸ್ಸಿನ ಮುರಾನೋ ನೆನಪಾಗುತ್ತದೆ, ಬೆಂಗಳೂರಿನಿಂದ ಅರವತ್ತು ಕಿಲೋಮೀಟರ್ ದೂರದ ಈ ಪೇಟೆ ನೆನಪಾಗುವುದಿಲ್ಲ. ಅದಕ್ಕೇ ಈ ಬರಹ.

ಟಿಪ್ಪು ಸತ್ತ ಮರುವರ್ಷ, 1800ರ ಮೇ ತಿಂಗಳಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲೇ ಶ್ರೀರಂಗಪಟ್ಟಣಕ್ಕೆ ಹೋದ. ಮನುಷ್ಯ ಮಹಾ ಕುತೂಹಲಿ, ಕಂಡದ್ದನ್ನೆಲ್ಲ ಅಳೆದು ಬರೆಯುವವನು. ಚನ್ನಪಟ್ಟಣದಲ್ಲಿ ವಾದ್ಯದ ತಂತಿ ಎಳೆಯುವ ಕುಟುಂಬ, ಬಿಳಿ ಸಕ್ಕರೆಯ ಗುಟ್ಟು ಬಲ್ಲ ಇನ್ನೊಂದು ಕುಟುಂಬ ಅವನ ಪುಸ್ತಕದಲ್ಲಿ ಸಿಗುತ್ತವೆ. ಬಳೆಯ ಗಾಜು ಕಾಯಿಸುವ ಕೆಲಸದ ಒಳ್ಳೆಯ ವಿವರಕ್ಕೆ ಮಾತ್ರ ಅವನ ಜೊತೆ ಇನ್ನೂ ಮುಂದೆ, ಚಿತ್ರದುರ್ಗ ಸೀಮೆಯ ಮತ್ತೋಡಿಗೆ (ಈಗ ಹೊಸದುರ್ಗ ತಾಲ್ಲೂಕು) ಹೋಗಬೇಕು. ಅಲ್ಲಿ ಊರ ಕೋಟೆಗೋಡೆಯ ಒಳಮೈಗೆ ಒರಗಿಸಿ ಎತ್ತರದ ಜಗುಲಿ ಕಟ್ಟಿ, ಅದರಲ್ಲಿ ಗುಮ್ಮಟದಂಥ ಕುಲುಮೆ ಮಾಡಿದ್ದರಂತೆ. ಅಗಲ ಸುಮಾರು 8 ಅಡಿ, ಎತ್ತರ ಸುಮಾರು 10 ಅಡಿ.

ಸಾಮಗ್ರಿಯೆಲ್ಲ ನೆಲದ್ದೇ. ಬೇಸಿಗೆಯಲ್ಲಿ ಸವುಳು ನೆಲದ ಮೇಲೆ ಬೆಳ್ಳಗೆ ಉಪ್ಪು ಎದ್ದಿರುತ್ತದಲ್ಲ, ಹಳ್ಳಿಯಲ್ಲಿ ಅಗಸರು ಬಟ್ಟೆಗೆ ಹಾಕುತ್ತಿದ್ದ ಅದೇ ಸವುಳು. ಅದನ್ನು ಗುಡಿಸಿ ತಂದು, ಸಗಣಿ ಜೊತೆ ಕಲಸಿ, ಒಣಗಿಸಿ, ಸುಟ್ಟರೆ ಗಾಜಿಗೆ ಬೇಕಾದ ಸೋಡಾ. ಅದರ ಜೊತೆ ಬೆಣಚುಕಲ್ಲಿನ ಪುಡಿ. ಬೆಣಚು ಒಂದನ್ನೇ ಕರಗಿಸಬೇಕಾದರೆ 1,700 ಡಿಗ್ರಿ ಬೇಕು, ಸೌದೆಯ ಕುಲುಮೆಗೆ ಅದು ಆಗದ ಮಾತು. ಸೋಡಾ ಸೇರಿದರೆ ಅದು ಎಷ್ಟೋ ಕಡಿಮೆ ಕಾವಿನಲ್ಲಿ ಮೆತ್ತಗಾಗುತ್ತದೆ. ಬಣ್ಣಕ್ಕೆ ತಾಮ್ರ, ಕಬ್ಬಿಣದ ಅದಿರು ಇಂಥವು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಅಂತ ಐದು ಬಣ್ಣ. ಆಚೆ ಬದಿ ಕಾಣುವಂಥ ತೆಳು ಗಾಜಲ್ಲ, ಮಂದವಾದ ಗಾಜು.

ಇಲ್ಲೊಂದು ಮಾತು ಹೇಳಬೇಕು. ಬಳೆಗೆ ಗಾಜನ್ನು ಊದುವುದಿಲ್ಲ. ಸೀಸೆಗೆ, ದೀಪದ ಬುರುಡೆಗೆ ಊದುಗೊಳವೆ ಬೇಕು. ನಮ್ಮ ದೇಶದ ಹಳೆಯ ಬಳೆಯ ಪದ್ಧತಿಯಲ್ಲಿ ಕಬ್ಬಿಣದ ಸಲಾಕೆಯ ತುದಿಗೆ ಕಾದ ಗಾಜಿನ ಉಂಡೆ ಹಿಡಿದು, ಚೂಪು ಕಂಬಿಯಿಂದ ನಡುವೆ ತೂತು ಮಾಡಿ, ಗರಗರ ತಿರುಗಿಸುತ್ತ ಅಗಲ ಮಾಡುತ್ತಾರೆ. ಆಮೇಲೆ ಬುಗುರಿಯಂತೆ ಒಂದು ಕಡೆ ಚೂಪಾದ ಮಣ್ಣಿನ ಅಚ್ಚಿಗೆ ಏರಿಸಿ ಅಳತೆಗೆ ತರುತ್ತಾರೆ. ಬೆಸುಗೆ ಇಲ್ಲದ ಬಳೆ! ಸ್ವಲ್ಪ ತಡವಾದರೆ ಗಾಜು ಬಿಗಿಯುತ್ತದೆ, ಅವಸರ ಮಾಡಿದರೆ ಸೊಟ್ಟಗಾಗುತ್ತದೆ. ದಿನವಿಡೀ ಬೆಂಕಿಯ ಎದುರು ಕೂತು ಇದನ್ನೇ ಮಾಡುವವನ ಕಣ್ಣು, ಕೈ, ಮುಖದ ಚರ್ಮ ಏನಾಗಿರಬೇಕು ಅಂತ ನೀವೇ ಲೆಕ್ಕ ಹಾಕಿ. ವರದಿಗಳಲ್ಲಿ ಕುಲುಮೆಯ ಅಗಲ ಇದೆ, ಎತ್ತರ ಇದೆ. ಅದರ ಮುಂದೆ ಕೂತವನ ಹೆಸರಿಲ್ಲ.

ಬಳೆ ಮಾರುವವನ ಅದೃಷ್ಟ ನೋಡಿ. ಹಾಡುಗಳಲ್ಲಿ ಅವನು ತವರಿನ ಸುದ್ದಿ ಒಯ್ಯುವವನು. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯಲ್ಲಂತೂ (1942) ಚೆನ್ನಯ್ಯ ಅಂತ ಹೆಸರೂ ಸಿಕ್ಕಿತು. ಬಳೆ ಮಾಡಿದವನನ್ನು ಕೇಳಿದವರು ಕಡಿಮೆ. ಅವನ ಕೆಲಸದ ಗುಣವೂ ಅಂಥದ್ದೇ. ಕಲ್ಲು ಕೆತ್ತಿದವನ ಕೆಲಸ ನೂರಾರು ವರ್ಷ ನಿಲ್ಲುತ್ತದೆ, ಬಳೆ ಇರುವುದೇ ಒಂದು ದಿನ ಒಡೆಯುವುದಕ್ಕೆ. ("ಒಡೆಯಿತು ಅನ್ನಬೇಡ, ಹೆಚ್ಚಿತು ಅನ್ನು" ಅಂತ ನಮ್ಮಜ್ಜಿ ಗದರುತ್ತಿದ್ದರು.) ಒಡೆದ ಚೂರನ್ನೂ ಮತ್ತೆ ಕರಗಿಸಬಹುದು. ಕಲಾವಿದನ ಗುರುತು ತಾನೇ ತಾನಾಗಿ ಅಳಿಸಿಹೋಗುವ ಕಲೆ ಇದು.

ಹಾಗಾದರೆ ಕಸುಬು ಮುಳುಗಿದ್ದೇಕೆ? 1881-82ರಲ್ಲಿ ಬೆಂಗಳೂರು–ಮೈಸೂರು ರೈಲು ಚನ್ನಪಟ್ಟಣದ ಮೇಲೇ ಹಾದುಹೋಯಿತು. ಬಂದರಿನಲ್ಲಿ ಇಳಿದ ಸರಕು ನಮ್ಮ ಸಂತೆಗೆ ಬರಲು ದಾರಿ ಸಲೀಸಾಯಿತು. ಆಗ ಆಸ್ಟ್ರಿಯಾದ ಕೈಕೆಳಗಿದ್ದ ಬೊಹೀಮಿಯಾದ ಗಾಬ್ಲೊಂಜ್ ಊರಿನವರು (ಇಂದಿನ ಚೆಕ್ ದೇಶದ ಯಾಬ್ಲೊನೆತ್ಸ್) ಭಾರತದ ಹೆಂಗಸರ ಕೈಗೆಂದೇ ಬಳೆ ಮಾಡಿ ಹಡಗುಗಟ್ಟಲೆ ಕಳಿಸುತ್ತಿದ್ದರು. ನುಣುಪು, ಮಿರಮಿರ ಮಿಂಚು, ಅಗ್ಗ. ಸವುಳಿನ ಮಂದ ಗಾಜು ಅದರ ಮುಂದೆ ನಿಲ್ಲುವುದು ಹೇಗೆ? 1914ರ ಯುದ್ಧ ಶುರುವಾಗಿ ಆಸ್ಟ್ರಿಯಾದ ಮಾಲು ನಿಂತಾಗ ಜಪಾನಿನವರು ನುಗ್ಗಿದರು. ಆಮೇಲೆ ಉತ್ತರದ ಫಿರೋಜಾಬಾದ್ ಇಡೀ ದೇಶಕ್ಕೆ ಬಳೆ ತೊಡಿಸಿತು. ಅಲ್ಲಿ ಗಾಜನ್ನು ಉರುಳೆಗೆ ಸುರುಳಿಯಾಗಿ ಸುತ್ತಿ, ಕತ್ತರಿಸಿ, ಬೆಸೆಯುತ್ತಾರೆ. ಒಂದೊಂದೇ ಉಂಡೆ ತಿರುಗಿಸುವವನು ಆ ವೇಗಕ್ಕೆ ಸಾಟಿಯಾಗುವುದು ಸಾಧ್ಯವೇ ಇರಲಿಲ್ಲ. ಸೌದೆಯ ಬೆಲೆಯೂ ಅವನ ಸೊಂಟ ಮುರಿದಿರಬೇಕು ಅಂತ ನನ್ನ ಊಹೆ.

ಪಕ್ಕದ ಮನೆಯ ಬೊಂಬೆಯವನಿಗೆ ಕುಲುಮೆಯೇ ಬೇಡ. ಹಾಲೆ ಮರದ ತುಂಡು ಚರಕಿಯ ಮೇಲೆ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ಉಜ್ಜಿದರೆ ಹೊಳಪು. ಯೋಚಿಸಿದರೆ ಎರಡೂ ಒಂದೇ ಬಗೆಯ ಕೈಚಳಕ: ತಿರುಗಿಸುವುದು, ಮೆತ್ತಗಾದ ಬಣ್ಣವನ್ನು ಹದದಲ್ಲಿ ಹಿಡಿಯುವುದು. ಆದರೆ ಬೊಂಬೆಯವನು ಮಾಲು ಬದಲಿಸಬಹುದಿತ್ತು. ತೊಟ್ಟಿಲ ಗಿಲಕಿ, ಆಟದ ಕುದುರೆ, ಕೀಲಿಗೊಂಚಲು, ಈಗ ಕಿವಿಯೋಲೆ. ಜಪಾನಿನ ಬೊಂಬೆಗಾರಿಕೆಯ ತಂತ್ರವನ್ನು ಇಲ್ಲಿಗೆ ತಂದವರೆಂದು ಬವಾಸ್ ಮಿಯಾನ್ ಅವರ ಹೆಸರನ್ನು ಇವತ್ತಿಗೂ ಹೇಳುತ್ತಾರೆ. ಸರ್ಕಾರದ ಬೆಂಬಲ ಸಿಕ್ಕಿತು, 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಬಳೆಯವನ ಪರವಾಗಿ ಹೀಗೆ ಹೇಳಲು ಒಬ್ಬ ಮಿಯಾನ್ ಇಲ್ಲ. ಒಂದೇ ದೇಶ ಒಬ್ಬನಿಗೆ ಹೊಸ ವಿದ್ಯೆಯಾಗಿ ಬಂತು, ಇನ್ನೊಬ್ಬನಿಗೆ ಅಗ್ಗದ ಮಾಲಾಗಿ ಬಂತು ಅನ್ನುವುದು ನನ್ನನ್ನು ಬಹಳ ಕಾಡಿದ ಸಂಗತಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿತು. ಹೆಸರು ಏನೇ ಇರಲಿ, ಜಿಲ್ಲೆಯ ಕಸುಬುಗಳ ಪಟ್ಟಿಯಲ್ಲಿ ರೇಷ್ಮೆ ಇರುತ್ತದೆ, ಬೊಂಬೆ ಇರುತ್ತದೆ, ಗಾಜು ಇರುವುದಿಲ್ಲ. 2023ರಲ್ಲಿ ಹೊಸ ದಶಪಥ ರಸ್ತೆ ಊರನ್ನು ಬಳಸಿಕೊಂಡು ಹೋದ ಮೇಲೆ ಹಳೇ ರಸ್ತೆಯ ಬೊಂಬೆ ಅಂಗಡಿಯವರೂ ವ್ಯಾಪಾರ ಬಿದ್ದುಹೋಯಿತು ಅಂತ ಕೂತಿದ್ದಾರೆ.

ಆ ಕಡೆಯ ಬ್ಲಾಗಿಗರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ಬಳೆ ಕಾಯಿಸುತ್ತಿದ್ದ ಮನೆ ಇಂಥದ್ದು ಅಂತ ಯಾರಾದರೂ ಹೇಳಿಯಾರು. ಪಾಯ ತೋಡುವಾಗ ಬಣ್ಣಬಣ್ಣದ ಗಾಜಿನ ಕಿಟ್ಟ ಸಿಕ್ಕಿದ್ದರೆ ಅದರ ಫೋಟೋ ಹಾಕಿ. ಹೆಸರೇನಾದರೂ ಸಿಕ್ಕರೆ ಮೊದಲು ಅದನ್ನು ಬರೆಯಿರಿ.