ಮುಂಬಯಿಯ ಕೂಡುವಸತಿಗಳಲ್ಲಿ ಒಡೆತನದ ಸ್ವರೂಪ

ಮುಂಬಯಿಯಲ್ಲಿ ಮನೆ ಕೊಂಡೆನೆಂದು ಹೇಳುವ ಗೃಹಸ್ಥನು ನಿಜವಾಗಿ ಕೊಂಡುದೇನು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಅವನ ಗೋಡೆ ನೆರೆಯವನದೂ ಹೌದು. ಅವನ ನೆಲ ಕೆಳಮನೆಯವನ ಸೂರು. ಕಟ್ಟಡ ನಿಂತ ಭೂಮಿಯ ದಾಖಲೆಯಲ್ಲಿಯೋ ಅವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಈ ಸ್ಥಿತಿಯ ಮೂಲವನ್ನು ಅರಸಿ ಹೊರಟರೆ ನಾವು ಗಾಮದೇವಿಗೆ ಬಂದು ನಿಲ್ಲುತ್ತೇವೆ.

ಅಲ್ಲಿ 1915ರಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದವರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿಯವರು. ಕೆನರಾ ಸೀಮೆಯಿಂದ ಉದ್ಯೋಗವನ್ನರಸಿ ಬಂದ ಚಿತ್ರಾಪುರ ಸಾರಸ್ವತರ ವಸತಿಯ ಕಷ್ಟವೇ ಅದಕ್ಕೆ ಪ್ರೇರಣೆ. (1909ರಲ್ಲಿಯೇ ಬೆಂಗಳೂರಿನಲ್ಲಿ ಇಂಥದೇ ಉದ್ದೇಶದ ಸಹಕಾರ ಸಂಘವೊಂದು ಹುಟ್ಟಿದ್ದಿತು, ಮೊದಲಿಗರು ಯಾರೆಂದು ವಾದಿಸುವವರು ಇದನ್ನು ಮರೆಯಬಾರದು.) ನೆಲವೂ ಕಟ್ಟಡವೂ ಸಂಘದ ಹೆಸರಿನಲ್ಲಿರುವುದು, ಸದಸ್ಯನು ಷೇರು ಕೊಂಡು ಸಂಘಕ್ಕೆ ಬಾಡಿಗೆ ತೆತ್ತು ವಾಸಿಸುವುದು, ಇದೇ ಆ ವ್ಯವಸ್ಥೆಯ ತಿರುಳು. ಅವನು ಒಡೆಯನೂ ಹೌದು, ಒಕ್ಕಲೂ ಹೌದು.

ಈ ಇಬ್ಬಂದಿತನವು ಬಹುಕಾಲ ನ್ಯಾಯಾಲಯಗಳನ್ನು ಕಾಡಿತು. ಸದಸ್ಯನ ಸಾಲಗಾರರು ಅವನ ಮನೆಯ ಮೇಲೆ ಕೈಯಿಡಬಹುದೆ? ಕಟ್ಟಡ ಸಂಘದ್ದಾದರೆ ಅವನಲ್ಲಿ ಉಳಿದಿರುವುದು ಕೆಲವು ಷೇರುಪತ್ರಗಳಷ್ಟೇ ಅಲ್ಲವೆ? ವಾಸದ ಹಕ್ಕೂ ಜಪ್ತಿಗೂ ಹರಾಜಿಗೂ ಒಳಪಡುವ ಸ್ವತ್ತೇ ಎಂದು ಸರ್ವೋಚ್ಚ ನ್ಯಾಯಾಲಯವು ಹೇಳಿದುದು 1975ರಲ್ಲಿ.

ಅಷ್ಟರಲ್ಲಿ ಊರು ಬದಲಾಗಿದ್ದಿತು. ನಿವಾಸಿಗಳೇ ಕೂಡಿ ಕಟ್ಟುವ ಬದಲು, ಕಟ್ಟಿ ಮಾರುವ ವ್ಯಾಪಾರಿ ಮುಂದೆ ಬಂದನು. ಮನೆಗಳೆಲ್ಲ ಮಾರಾಟವಾದರೂ ಭೂಮಿ ಅವನಲ್ಲಿಯೇ ಉಳಿಯತೊಡಗಿತು. 1963ರ ಮಹಾರಾಷ್ಟ್ರ ಕಾಯಿದೆಯು ಇದನ್ನು ತಡೆಯಲು ಯತ್ನಿಸಿತು: ಬೇರೆ ಅವಧಿಗೆ ಒಪ್ಪಂದವಿಲ್ಲದಿದ್ದರೆ, ಸಂಘ ನೋಂದಣಿಯಾದ ನಾಲ್ಕು ತಿಂಗಳೊಳಗೆ ಭೂಮಿಯ ಹಕ್ಕನ್ನು ಅದಕ್ಕೆ ಬರೆದುಕೊಡಬೇಕು. ನಿಯಮವೇನೋ ಸ್ಪಷ್ಟ, ಪಾಲಿಸಿದವರು ವಿರಳ.

1970ರ ಕಾಯಿದೆಯು ಬೇರೊಂದು ದಾರಿ ಹಿಡಿಯಿತು. ಅದರಂತೆ ಮನೆಯು ನಿವಾಸಿಯದೇ. ಭೂಮಿ, ಮೆಟ್ಟಿಲು, ಮಾಳಿಗೆಗಳಲ್ಲಿ ಅವನಿಗೆ ಘೋಷಣಾಪತ್ರದಲ್ಲಿ ನಮೂದಾದ ಶೇಕಡಾ ಪ್ರಮಾಣದ ಅವಿಭಕ್ತ ಪಾಲು. ‘ಅವಿಭಕ್ತ’ ಎಂದೊಡನೆ ನಮಗೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ನೆನಪಾಗುವುದು ಸಹಜ. ಆದರೆ ಹೋಲಿಕೆ ಹೆಸರಿನಲ್ಲಿ ಮಾತ್ರ. ಮಿತಾಕ್ಷರದ ಪಾಲು ಜನನಮರಣಗಳೊಡನೆ ಹಿಗ್ಗಿ ಕುಗ್ಗುತ್ತದೆ, ದಾಯಾದನು ವಿಭಾಗ ಕೇಳಬಹುದು. ಇಲ್ಲಿಯ ಪಾಲು ಸ್ಥಿರ, ಮೆಟ್ಟಿಲನ್ನು ಪಾಲು ಮಾಡಿಕೊಡೆಂದು ಯಾರೂ ದಾವೆ ಹೂಡುವಂತಿಲ್ಲ. ಆಡಳಿತದಲ್ಲಿಯೂ ಭೇದವುಂಟು. ಸಹಕಾರ ಸಂಘದಲ್ಲಿ ಒಬ್ಬನಿಗೆ ಒಂದು ಮತ. ಇಲ್ಲಿ ಪಾಲಿನ ಪ್ರಮಾಣಕ್ಕೆ ತಕ್ಕ ಮತ. ಕಿರುಮನೆಯವರು ತಲೆಯೆಣಿಕೆಯಲ್ಲಿ ಹೆಚ್ಚಿದ್ದರೂ ಸೋಲಬಹುದು. ತಲ್ಮಕಿಯವರ ಪರಂಪರೆಗೆ ಇದು ದೂರವೆಂದೇ ನನ್ನ ಎಣಿಕೆ. ಆಗಿನ್ನೂ ಮೈಸೂರೆಂದು ಕರೆಯಲ್ಪಡುತ್ತಿದ್ದ ನಮ್ಮ ರಾಜ್ಯವೂ 1972ರ ಕಾಯಿದೆಯಲ್ಲಿ ಈ ಎರಡನೆಯ ಮಾದರಿಯನ್ನೇ ಅನುಸರಿಸಿತು.

ಮುಂಬಯಿಯ ಹಳೆಯ ಕಟ್ಟಡಗಳು ಶಿಥಿಲವಾಗಿ, ಕೆಡವಿ ಕಟ್ಟುವ ಕಾಲ ಬಂದಾಗ ಭೂಮಿಯ ಪ್ರಶ್ನೆಯು ಮತ್ತೆ ಮೇಲೆದ್ದಿತು. ಮೂವತ್ತು ನಲವತ್ತು ವರ್ಷ ವಾಸಿಸಿದ ಸಂಘಗಳಿಗೆ ಹಕ್ಕುಪತ್ರವಿಲ್ಲ. ಬರೆದುಕೊಡಬೇಕಾದವನು ಗತಿಸಿದ್ದಾನೆ, ಇಲ್ಲವೆ ಹೆಚ್ಚುವರಿ ಮಹಡಿಗಳ ಲಾಭಕ್ಕಾಗಿ ಕಾದಿದ್ದಾನೆ. 2008ರ ತಿದ್ದುಪಡಿಯು ಅವನ ಸಹಿಯನ್ನು ಕಾಯದೆ, ಅಧಿಕಾರಿಯ ಪ್ರಮಾಣಪತ್ರದ ಆಧಾರದಿಂದಲೇ ಭೂಮಿಯನ್ನು ಸಂಘಕ್ಕೆ ನೋಂದಾಯಿಸಲು ಅವಕಾಶವಿತ್ತಿತು. ಗಾಮದೇವಿಯ ಸಂಘವು ಮೊದಲ ದಿನದಿಂದಲೇ ತನ್ನ ಕೈಯಲ್ಲಿಟ್ಟುಕೊಂಡಿದ್ದ ಹಕ್ಕು ಅದು.