ಅವನಿಲ್ಲದ ಹ್ಯಾಲೋವೀನ್

1982ರ ಅಕ್ಟೋಬರ್ 22ರಂದು ಅಮೆರಿಕದ ಚಿತ್ರಮಂದಿರಗಳಿಗೆ ‘ಹ್ಯಾಲೋವೀನ್ 3: ಸೀಸನ್ ಆಫ್ ದ ವಿಚ್’ ಬಂತು. ಟಿಕೆಟ್ ಕೊಂಡು ಒಳಗೆ ಕೂತವರಲ್ಲಿ ಹೆಚ್ಚಿನವರು ಕಾಯುತ್ತಿದ್ದದ್ದು ಒಬ್ಬನಿಗಾಗಿ. ಬಿಳಿ ಮುಖವಾಡ ತೊಟ್ಟು, ಅಡುಗೆಮನೆಯ ಚೂರಿ ಹಿಡಿದು, ಎಂದೂ ಓಡದೆ ನಡೆದೇ ಬಂದು ಕೊಲ್ಲುವ ಮೈಕಲ್ ಮೈಯರ್ಸ್‌ಗಾಗಿ. ಒಂದೂವರೆ ಗಂಟೆ ಕಳೆದರೂ ಅವನು ಬರಲಿಲ್ಲ. ಅವನ ಬದಲು ಬಂದದ್ದು ಒಂದು ಮುಖವಾಡದ ಕಾರ್ಖಾನೆ, ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಿಂದ ಕದ್ದು ತಂದ ಕಲ್ಲು, ಬೂದು ಸೂಟು ತೊಟ್ಟ ಯಂತ್ರಮಾನವರು, ಮತ್ತು ಬೇಡವೆಂದರೂ ತಲೆಯೊಳಗೆ ಕೂರುವ ಒಂದು ಜಾಹೀರಾತಿನ ಹಾಡು. ಮೈಕಲ್ ಕಾಣಿಸಿಕೊಂಡದ್ದು ಟೀವಿ ಪರದೆಯಲ್ಲಿ ಮಾತ್ರ. ಕಥೆಯೊಳಗಿನ ಜನ 1978ರ ‘ಹ್ಯಾಲೋವೀನ್’ ಸಿನಿಮಾದ ತುಣುಕನ್ನು ನೋಡುತ್ತಾರೆ. ಅಂದರೆ ಈ ಚಿತ್ರದ ಲೋಕದಲ್ಲಿ ಅವನು ಬರೀ ಒಂದು ಸಿನಿಮಾದ ಪಾತ್ರ.

ಅಂದು ಶುರುವಾದ ಜಗಳ ನಾಲ್ಕು ದಶಕ ದಾಟಿದರೂ ಮುಗಿದಿಲ್ಲ. ಸರಣಿಯ ಅಭಿಮಾನಿಗಳಲ್ಲಿ ಇದನ್ನು ಪ್ರತಿ ಅಕ್ಟೋಬರಿನಲ್ಲಿ ವ್ರತದಂತೆ ನೋಡುವವರಿದ್ದಾರೆ. ಎರಡರಿಂದ ನೇರವಾಗಿ ನಾಲ್ಕಕ್ಕೆ ಜಿಗಿದು, ಮೂರು ಎಂಬ ಅಂಕಿಯೇ ಇಲ್ಲವೆಂಬಂತೆ ಇರುವವರೂ ಇದ್ದಾರೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದು ಈ ಜಗಳದ ಮೇಲ್ಪದರ ಅಷ್ಟೇ. ಒಳಗಿರುವ ಪ್ರಶ್ನೆ ಬೇರೆ: ‘ಹ್ಯಾಲೋವೀನ್’ ಎಂಬುದು ಯಾರ ಹೆಸರು, ಅಥವಾ ಯಾವುದರ ಹೆಸರು?

ಪದಕೋಶದಲ್ಲಿ ಉತ್ತರ ಸರಳ. ಅದು ಅಕ್ಟೋಬರ್ 31. ಐರಿಷರ ಹಳೆಯ ‘ಸಾವಿನ್’ ಹಬ್ಬದ ನೆರಳು ಬಿದ್ದ, ಕ್ರೈಸ್ತರ ಸಕಲ ಸಂತರ ದಿನದ ಹಿಂದಿನ ಸಂಜೆ. ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ರಾತ್ರಿ. ಈಗ ನಮ್ಮ ದೊಡ್ಡ ಊರುಗಳ ಅಪಾರ್ಟ್‌ಮೆಂಟುಗಳಿಗೂ ಅದು ಕಾಲಿಟ್ಟಿದೆ. ಆದರೆ ಮೊದಲ ಚಿತ್ರಕ್ಕೆ ಈ ಹೆಸರು ಬಂದದ್ದು ಕೊಂಚ ಆಕಸ್ಮಿಕವಾಗಿ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಯರ ಬೆನ್ನು ಹತ್ತುವ ಕೊಲೆಗಾರನ ಕಥೆ ಬೇಕೆಂದು ನಿರ್ಮಾಪಕ ಇರ್ವಿನ್ ಯಾಬ್ಲಾನ್ಸ್ ಕೇಳಿದ್ದರು. ಅದನ್ನು ಹ್ಯಾಲೋವೀನ್ ರಾತ್ರಿಯಲ್ಲಿಟ್ಟು ಅದೇ ಹೆಸರಿಡೋಣ ಎಂಬ ಸಲಹೆಯೂ ಅವರದೇ. ಜಾನ್ ಕಾರ್ಪೆಂಟರ್ ಮತ್ತು ಡೆಬ್ರಾ ಹಿಲ್ ಚಿತ್ರಕಥೆ ಬರೆದರು. ದುಡ್ಡು ಹಾಕಿದವರು ಸಿರಿಯಾ ಮೂಲದ ಮುಸ್ತಫಾ ಅಕ್ಕಾದ್. ಎರಡು ವರ್ಷ ಮೊದಲು ಇಸ್ಲಾಮಿನ ಹುಟ್ಟಿನ ಕಥೆ ಹೇಳುವ ‘ದ ಮೆಸೇಜ್’ ನಿರ್ದೇಶಿಸಿದ್ದವರು. ಸುಮಾರು ಮೂರು ಲಕ್ಷ ಡಾಲರ್‌ಗಳಲ್ಲಿ ಮುಗಿದ ಚಿತ್ರ ಅಮೆರಿಕದಲ್ಲೇ ನಾಲ್ಕೂವರೆ ಕೋಟಿ ಡಾಲರ್ ದಾಟಿತು.

ಆ ಯಶಸ್ಸಿನಲ್ಲಿ ದಿನದ ಪಾಲು ಕಡಿಮೆ, ಮುಖವಾಡದ ಪಾಲು ಹೆಚ್ಚು. ಚಿತ್ರದ ಕಲಾ ವಿನ್ಯಾಸಕ ಟಾಮಿ ಲೀ ವಾಲೇಸ್ ಎರಡು ಡಾಲರಿಗೂ ಕಡಿಮೆ ಕೊಟ್ಟು ಒಂದು ಮುಖವಾಡ ತಂದರು. ಅದು ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕಿರ್ಕ್, ಅಂದರೆ ನಟ ವಿಲಿಯಂ ಶಾಟ್ನರ್‌ನ ಮುಖ. ಕಣ್ಣಿನ ತೂತುಗಳನ್ನು ಅಗಲ ಮಾಡಿ, ಬಿಳಿ ಬಣ್ಣ ಸಿಂಪಡಿಸಿದ್ದೇ ತಡ, ಯಾರದೂ ಅಲ್ಲದ ಮುಖವೊಂದು ಹುಟ್ಟಿತು. ಪಾತ್ರವರ್ಗದ ಪಟ್ಟಿಯಲ್ಲಿ ಮುಖವಾಡದ ಆ ವ್ಯಕ್ತಿಗೆ ಹೆಸರೇ ಇಲ್ಲ. ‘ದ ಶೇಪ್’, ಅಂದರೆ ‘ಆಕೃತಿ’ ಎಂದಷ್ಟೇ ಇದೆ. ಚಿತ್ರದ ಆರಂಭದಲ್ಲೇ ಮಳೆಯಲ್ಲಿ ಹೋಗುವ ಕಾರಿನೊಳಗೆ ಮನೋವೈದ್ಯ ಲೂಮಿಸ್ ತನ್ನ ರೋಗಿಯನ್ನು ‘ಅದು’ ಎನ್ನುತ್ತಾನೆ. ‘ಅವನು’ ಅನ್ನಬಾರದೇ ಎಂದು ಜೊತೆಯ ನರ್ಸ್ ಆಕ್ಷೇಪಿಸುತ್ತಾಳೆ. ಕನ್ನಡದಲ್ಲಾದರೆ ಅವನು–ಅದು ಎಂಬ ಗೆರೆ ಕ್ರಿಯಾಪದದ ತುದಿಯವರೆಗೂ ಸಾಗುತ್ತದೆ, ಬಂದನೋ ಬಂದಿತೋ ಎಂದು ಪ್ರತಿ ಸಲ ತೀರ್ಮಾನಿಸಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಆ ಭಾರವೆಲ್ಲ ಒಂದು ಪುಟ್ಟ ಸರ್ವನಾಮದ ಮೇಲೆ. ಲೂಮಿಸ್‌ನ ‘ಅದು’ ಚಿತ್ರದ ಕೊನೆಗೆ ಮಕ್ಕಳ ಗುಮ್ಮನಾಗಿ ನಿಲ್ಲುತ್ತದೆ. ಪೋಸ್ಟರು ಮಾತ್ರ ಬೇರೆ ಹೇಳಿತು: ‘ಅವನು’ ಮನೆಗೆ ಮರಳಿದ ರಾತ್ರಿ ಎಂದು, ಸರ್ವನಾಮವನ್ನು ದಪ್ಪಕ್ಷರದಲ್ಲಿ ಒತ್ತಿ ಹೇಳಿತು. ಪ್ರೇಕ್ಷಕರು ಪೋಸ್ಟರಿನ ಮಾತನ್ನೇ ಹಿಡಿದರು.

ಮುಂದಿನ ಭಾಗ ಬರೆಯಲು ಕಾರ್ಪೆಂಟರ್‌ಗೆ ಮನಸ್ಸಿರಲಿಲ್ಲ. ಆದರೂ ಅವರೂ ಹಿಲ್ ಅವರೂ ಬರೆದರು. ರಿಕ್ ರೋಸೆಂತಾಲ್ ನಿರ್ದೇಶಿಸಿದ 1981ರ ‘ಹ್ಯಾಲೋವೀನ್ 2’ ಮೊದಲ ಚಿತ್ರ ನಿಂತ ಕ್ಷಣದಿಂದಲೇ ಮುಂದುವರಿಯುತ್ತದೆ, ಅದೇ ರಾತ್ರಿ, ಅದೇ ಊರು. ಕೊನೆಯಲ್ಲಿ ಮೈಕಲ್ ಮತ್ತು ಲೂಮಿಸ್ ಇಬ್ಬರೂ ಬೆಂಕಿಗೆ ಆಹುತಿ. ಅಲ್ಲಿಗೆ ಅವನ ಕಥೆ ಮುಗಿಯಿತು ಎಂಬುದು ಬರೆದವರ ಲೆಕ್ಕ. ಮೂರನೆಯದಕ್ಕೆ ಕೇಳಿಕೆ ಬಂದಾಗ, ಮೈಕಲ್ ಇರಬಾರದು ಎಂಬ ಷರತ್ತಿನ ಮೇಲೆ ಒಪ್ಪಿಕೊಂಡರು. ಇನ್ನು ಮುಂದೆ ಆ ಹೆಸರಿನಡಿ ಒಂದೊಂದು ಚಿತ್ರವೂ ಹ್ಯಾಲೋವೀನ್ ದಿನಕ್ಕೆ ಸೇರಿದ ಹೊಸ ಕಥೆ, ಹೊಸ ಜನ.

ಇದು ಆಗದ ಮಾತೇನಲ್ಲ. ಹಿಂದಿಯ ‘ರಾಝ್’ ಸರಣಿ 2002ರಿಂದ 2016ರವರೆಗೆ ನಾಲ್ಕು ಚಿತ್ರಗಳಲ್ಲಿ ಇದನ್ನೇ ಮಾಡಿತು. ಪ್ರತಿ ಸಲ ಬೇರೆ ಕಥೆ, ಬೇರೆ ದೆವ್ವ. ಹಳೆಯ ದೆವ್ವ ಎಲ್ಲಿ ಎಂದು ದೊಡ್ಡ ಗಲಾಟೆಯೇನೂ ಆಗಲಿಲ್ಲ. ‘ರಾಝ್’ ಎರಡನೆಯ ಚಿತ್ರದಲ್ಲೇ ದಾರಿ ಬದಲಿಸಿತ್ತು ಎಂಬುದೇ ವ್ಯತ್ಯಾಸ. ಕಾರ್ಪೆಂಟರ್ ಮತ್ತು ಹಿಲ್ ಎರಡನೆಯದರಲ್ಲಿ ಹಳೆಯ ಕಥೆಯನ್ನೇ ಎಳೆದು, ಅಂಕಿ ಎಂದರೆ ಮುಂದುವರಿಕೆ ಎಂದು ಜನರಿಗೆ ತಾವೇ ಕಲಿಸಿಬಿಟ್ಟಿದ್ದರು. ಮೂರನೆಯದರಲ್ಲಿ ಆ ಪಾಠ ಮರೆಯಿರಿ ಎಂದರೆ ಯಾರು ಕೇಳುತ್ತಾರೆ? ಹೆಸರಿಟ್ಟವರ ಹಕ್ಕು ಹೆಸರು ಬಳಕೆಗೆ ಬೀಳುವವರೆಗೆ ಮಾತ್ರ. ಯಂತ್ರ ಯಾವ ಕಂಪನಿಯದಾದರೂ ನಮ್ಮ ಬೀದಿಯಲ್ಲಿ ಅದು ‘ಜೆರಾಕ್ಸ್’ ಅಂಗಡಿಯೇ.

ಚಿತ್ರವನ್ನು ಮೊದಲು ನಿರ್ದೇಶಿಸಬೇಕಿದ್ದವರು ಜೋ ಡಾಂಟೆ. ಬ್ರಿಟಿಷ್ ಲೇಖಕ ನೈಜೆಲ್ ನೀಲ್ ಅವರನ್ನು ಸೂಚಿಸಿದ್ದೂ ಅವರೇ. 1953ರಲ್ಲಿ ಬಿಬಿಸಿಗೆ ‘ಕ್ವಾಟರ್‌ಮಾಸ್’ ಧಾರಾವಾಹಿ ಬರೆದು ಇಡೀ ದೇಶವನ್ನು ಟೀವಿ ಮುಂದೆ ಕೂರಿಸಿದ್ದ ನೀಲ್‌ಗೆ ಹಳೆಯ ಕಲ್ಲು ಮತ್ತು ಹೊಸ ಯಂತ್ರವನ್ನು ಒಂದೇ ಕಥೆಯಲ್ಲಿ ಬೆಸೆಯುವುದು ಕೈಬಂದ ವಿದ್ಯೆ. 1972ರ ಅವರ ‘ದ ಸ್ಟೋನ್ ಟೇಪ್’ನಲ್ಲಿ ವಿಜ್ಞಾನಿಗಳು ಕಲ್ಲಿನ ಗೋಡೆಯಲ್ಲಿ ಉಳಿದ ದೆವ್ವದ ಬೆನ್ನು ಹತ್ತುತ್ತಾರೆ. ಮುಂದೆ ಡಾಂಟೆ ಬೇರೆ ಚಿತ್ರಕ್ಕೆ ಹೋದರು, ನಿರ್ದೇಶನ ಅದೇ ಮುಖವಾಡದ ವಾಲೇಸ್ ಪಾಲಿಗೆ ಬಂತು. ರಕ್ತಪಾತ ಹೆಚ್ಚಿಸಿದ್ದು ಇಷ್ಟವಾಗದೆ ನೀಲ್ ತಮ್ಮ ಹೆಸರನ್ನೇ ತೆಗೆಸಿದರು. ಆದರೂ ಚಿತ್ರದ ಮೂಳೆ ಅವರದೇ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಕಥೆ ಇಷ್ಟು. ಕ್ಯಾಲಿಫೋರ್ನಿಯಾದ ಸಾಂತಾ ಮೀರಾ ಎಂಬ ಕಲ್ಪಿತ ಊರಿನಲ್ಲಿ ಕೋನಲ್ ಕಾಕ್ರನ್ ಎಂಬ ಐರಿಷ್ ಮೂಲದ ಮುದುಕನ ಕಾರ್ಖಾನೆ. ತಲೆಬುರುಡೆ, ಮಾಟಗಾತಿ, ಕುಂಬಳಕಾಯಿ, ಹೀಗೆ ಮೂರು ಬಗೆಯ ಮುಖವಾಡ ಮಾಡಿ ದೇಶಕ್ಕೆಲ್ಲ ಮಾರುತ್ತಾನೆ. ಒಂದೊಂದರಲ್ಲೂ ಸ್ಟೋನ್‌ಹೆಂಜ್ ಕಲ್ಲಿನ ಚೂರಿರುವ ಚಿಪ್. ಹ್ಯಾಲೋವೀನ್ ರಾತ್ರಿ ಒಂಬತ್ತಕ್ಕೆ ಬಹುಮಾನದ ಆಸೆ ತೋರಿಸಿ ಮಕ್ಕಳನ್ನು ಮುಖವಾಡ ಸಮೇತ ಟೀವಿ ಮುಂದೆ ಕೂರಿಸಿದರೆ, ಜಾಹೀರಾತಿನ ಸಂಕೇತ ಚಿಪ್ಪನ್ನು ಎಬ್ಬಿಸುತ್ತದೆ. ದೇಶದ ಎಲ್ಲ ಕಡೆ ಒಂದೇ ಹೊತ್ತಿಗೆ ಒಂಬತ್ತು ಹೇಗಾಗುತ್ತದೆ ಎಂದು ಅಭಿಮಾನಿಗಳು ಇಂದಿಗೂ ನಗುತ್ತಾರೆ. ಜಾಹೀರಾತಿನ ಧಾಟಿ ‘ಲಂಡನ್ ಬ್ರಿಜ್’ ಶಿಶುಗೀತೆಯದು. ಯಾರಿಗೂ ಹಕ್ಕಿನ ಹಣ ಕೊಡಬೇಕಿಲ್ಲ ಎಂಬುದೇ ಅದನ್ನು ಆರಿಸಲು ಕಾರಣ. ನಮ್ಮ ನರ್ಸರಿ ಮಕ್ಕಳಿಗೂ ಬಾಯಿಪಾಠವಾಗಿರುವ ಆ ಧಾಟಿಯಲ್ಲಿ ಹಬ್ಬಕ್ಕೆ ಉಳಿದ ದಿನಗಳ ಎಣಿಕೆ ನಡೆಯುತ್ತದೆ.

ಚಿತ್ರದ ಅತ್ಯಂತ ಕ್ರೂರ ದೃಶ್ಯದಲ್ಲಿ ಚೂರಿಯಿಲ್ಲ. ಕಂಪನಿಯ ಸರಕನ್ನು ಎಲ್ಲರಿಗಿಂತ ಹೆಚ್ಚು ಮಾರಿದ ವ್ಯಾಪಾರಿಯನ್ನು ಕಾಕ್ರನ್ ಸಂಸಾರ ಸಮೇತ ಕರೆಸಿ, ಬೈಠಕ್‌ಖಾನೆಯಂತೆ ಸಜ್ಜುಗೊಳಿಸಿದ ಕೋಣೆಯಲ್ಲಿ ಕೂರಿಸುತ್ತಾನೆ. ಟೀವಿ ಹಚ್ಚಲಾಗುತ್ತದೆ. ಕುಂಬಳಕಾಯಿ ಮುಖವಾಡದ ಮಗ ಪರದೆಯ ಹತ್ತಿರ ಹೋಗುತ್ತಾನೆ, ಕುಸಿಯುತ್ತಾನೆ. ಮುಖವಾಡದಿಂದ ಹುಳುಗಳು, ಹಾವುಗಳು ಹೊರಬರುತ್ತವೆ. ಅಪ್ಪ ಅಮ್ಮ ಬಾಗಿಲು ಬಡಿಯುತ್ತಾರೆ. ಹೊರಗೆ ನಿಂತವರು ಪ್ರಯೋಗ ಸಫಲವಾಯಿತೆಂಬಂತೆ ನೋಡುತ್ತಾರೆ. ಮೈಕಲ್ ಇಡೀ ಸರಣಿಯಲ್ಲಿ ಕೊಂದವರೆಲ್ಲರ ಸಾವನ್ನೂ ಒಟ್ಟುಗೂಡಿಸಿದರೂ ಈ ಎರಡು ನಿಮಿಷದ ತಣ್ಣನೆಯ ಲೆಕ್ಕಾಚಾರಕ್ಕೆ ಸಮನಾಗದು.

ಚಿತ್ರೀಕರಣ ಮುಗಿದ ಮೇಲೆ ಒದಗಿದ ಕಾಕತಾಳೀಯ ಇನ್ನೊಂದು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಷಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಗುಳಿಗೆಗಳಿಗೆ ಸಯನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ಕಂಪನಿ ಸುಮಾರು 3 ಕೋಟಿ 10 ಲಕ್ಷ ಶೀಶೆಗಳನ್ನು ವಾಪಸು ತರಿಸಿತು. ಅಂಗಡಿಯಿಂದ ತಂದ ಸೀಲಿನ ಪೊಟ್ಟಣವನ್ನೇ ನಂಬಲಾಗದೆ, ಮಕ್ಕಳಿಗೆ ಸಿಕ್ಕ ಮಿಠಾಯಿಯನ್ನು ಜನ ಅನುಮಾನದಿಂದ ನೋಡಿದ ಆ ಹ್ಯಾಲೋವೀನ್‌ಗೆ, ಅಂಗಡಿಯ ಸರಕೇ ಮಕ್ಕಳನ್ನು ಕೊಲ್ಲುವ ಸಿನಿಮಾ ತೆರೆಯ ಮೇಲಿತ್ತು. ಇಷ್ಟು ಹತ್ತಿರದ ಭಯ ಎದುರಿಗಿದ್ದರೂ ಚರ್ಚೆ ಮಾತ್ರ ಮೈಕಲ್ ಎಲ್ಲಿ ಎಂಬಲ್ಲೇ ನಿಂತಿತು.

ವಿಮರ್ಶಕರೂ ಕರುಣೆ ತೋರಲಿಲ್ಲ. ರೋಜರ್ ಎಬರ್ಟ್ ಒಂದೂವರೆ ನಕ್ಷತ್ರ ಕೊಟ್ಟರು. ಮಕ್ಕಳು, ಬಂಡವಾಳ, ಟೀವಿ, ಐರಿಷರು, ಇಷ್ಟೂ ಜನರನ್ನು ಒಂದೇ ಏಟಿಗೆ ವಿರೋಧಿಸಿದ್ದು ಸುಲಭದ ಸಾಧನೆಯಲ್ಲ ಎಂದು ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್ಬಿ ಚುಚ್ಚಿದರು. ಅರ್ಧ ಮೆಚ್ಚಿಕೊಂಡೇ ಚುಚ್ಚಿದಂತಿದೆ. ‘ಹ್ಯಾಲೋವೀನ್ 2’ ಸುಮಾರು 2.5 ಕೋಟಿ ಡಾಲರ್ ತಂದಿತ್ತು. ಮೂರನೆಯದು 25 ಲಕ್ಷದಲ್ಲಿ ತಯಾರಾಗಿ ತಂದದ್ದು ಸುಮಾರು 1.44 ಕೋಟಿ. ನಷ್ಟವೇನಲ್ಲ, ಆದರೆ ಹೊಸ ಯೋಜನೆಯನ್ನು ಮುಗಿಸಲು ಅಷ್ಟು ಸಾಕಾಯಿತು. ಅದೇ ಬೇಸಿಗೆಯಲ್ಲಿ ಸೋತ ಕಾರ್ಪೆಂಟರ್ ಅವರ ‘ದ ಥಿಂಗ್’ ಈಗ ಎಲ್ಲ ಪಟ್ಟಿಗಳಲ್ಲಿದೆ ಎಂಬುದು ಬೇರೆ ಮಾತು.

ಕಾರ್ಪೆಂಟರ್ ಮತ್ತು ಹಿಲ್ ಸರಣಿಯಿಂದ ಹೊರಬಂದರು. ಅಕ್ಕಾದ್ 1988ರಲ್ಲಿ ನಾಲ್ಕನೆಯದನ್ನು ತಂದಾಗ ಅದರ ಉಪಶೀರ್ಷಿಕೆಯಲ್ಲೇ ಮೈಕಲ್ ಮೈಯರ್ಸ್ ಮರಳಿ ಬಂದ ಸುದ್ದಿಯಿತ್ತು. ತಪ್ಪು ತಿದ್ದಿಕೊಂಡೆವು ಎಂದು ಗೋಡೆಗೋಡೆಗೂ ಅಂಟಿಸಿದ ಪ್ರಕಟಣೆ ಅದು. ಅಂದಿನಿಂದ ಅವನಿಗೆ ಸಾಯುವ ಹಕ್ಕಿಲ್ಲ. ಗುಂಡು ತಗಲಿದರೂ, ತಲೆ ಕಡಿದರೂ ಮುಂದಿನ ಭಾಗದಲ್ಲಿ ಏನೋ ಒಂದು ಸಬೂಬು ಹುಡುಕಿ ಎಬ್ಬಿಸುತ್ತಾರೆ. ಹೆಸರು ಒಬ್ಬ ಮನುಷ್ಯನಿಗೆ ಅಂಟಿದರೆ ತೆರಬೇಕಾದ ಬೆಲೆಯೇ ಇದು.

ಮೂರನೆಯ ಚಿತ್ರಕ್ಕೆ ನಿಧಾನವಾಗಿ ಬೇರೆ ಪ್ರೇಕ್ಷಕರು ಹುಟ್ಟಿಕೊಂಡರು. ವಿಡಿಯೋ ಕ್ಯಾಸೆಟ್‌ನಲ್ಲೋ ಟೀವಿಯ ಮರುಪ್ರಸಾರದಲ್ಲೋ ಕಂಡವರಿಗೆ 1982ರ ನಿರೀಕ್ಷೆಯ ಹೊರೆ ಇರಲಿಲ್ಲ. ಅವರ ಸಾಮಾನ್ಯ ವಾದ: ಹೆಸರು ಬೇರೆ ಇಟ್ಟಿದ್ದರೆ ಎಲ್ಲರೂ ಮೆಚ್ಚುತ್ತಿದ್ದರು. ಎದುರಾಳಿಗಳದು: ಟಿಕೆಟಿನ ಮೇಲಿನ ಹೆಸರು ಕೊಟ್ಟ ಮಾತಿದ್ದಂತೆ, ಅದನ್ನು ಮುರಿದರು. ಎರಡನೆಯ ಮಾತಿನಲ್ಲಿ ನ್ಯಾಯವಿದೆ. ಮೊದಲನೆಯದು ಚಿತ್ರವನ್ನು ಕಾಪಾಡಲು ಹೋಗಿ ಅದರ ಜೀವವನ್ನೇ ಬಿಟ್ಟುಕೊಡುತ್ತದೆ. ಏಕೆಂದರೆ 1978ರ ಕಥೆಯನ್ನು ಯಾವ ರಾತ್ರಿಯಲ್ಲಿ ಇಟ್ಟರೂ ನಡೆಯುತ್ತದೆ. ಹ್ಯಾಲೋವೀನ್ ಅಲ್ಲಿ ಹಿನ್ನೆಲೆಯ ಅಲಂಕಾರ. ಮೂರನೆಯದರಿಂದ ಆ ದಿನವನ್ನು ತೆಗೆದರೆ ಏನೂ ಉಳಿಯದು. ವೇಷ, ಮಿಠಾಯಿ, ಮುಖವಾಡದ ವ್ಯಾಪಾರ, ಎಣಿಕೆಯ ಹಾಡು, ಸಾವಿನ್‌ನ ಹಳೆಯ ಬಲಿಯ ನೆನಪು, ಎಲ್ಲವೂ ಆ ಒಂದು ದಿನದ ಒಡಲಿನಿಂದ ಬಂದವು. ಸರಣಿಯಲ್ಲಿ ಶೀರ್ಷಿಕೆಯನ್ನು ಅಕ್ಷರಶಃ ನಂಬಿದ ಚಿತ್ರ ಇದೊಂದೇ. ನಡುವಿನ ಪ್ರೇಮಪ್ರಸಂಗ ಪೇಲವ, ಎರಡನೆಯ ಅರ್ಧದ ತರ್ಕ ಸಡಿಲ ಎಂಬುದನ್ನು ಒಪ್ಪಿಕೊಂಡೇ ಈ ಮಾತು.

ಸರಣಿಯ ವಾರಸುದಾರರೂ ಅದನ್ನು ಮನೆಯೊಳಗೆ ಕರೆದುಕೊಂಡದ್ದು ತಡವಾಗಿ. ಡೇವಿಡ್ ಗಾರ್ಡನ್ ಗ್ರೀನ್ ನಿರ್ದೇಶಿಸಿದ 2018ರ ‘ಹ್ಯಾಲೋವೀನ್’ನಲ್ಲಿ ಬೀದಿಯ ಮಕ್ಕಳು ತೊಟ್ಟಿರುವುದು ಕಾಕ್ರನ್‌ನ ಆ ಮೂರು ಮುಖವಾಡಗಳನ್ನೇ. 2022ರ ‘ಹ್ಯಾಲೋವೀನ್ ಎಂಡ್ಸ್’ನ ಆರಂಭದ ಅಕ್ಷರಗಳೂ 1982ರ ಆ ಚಿತ್ರದ ಮಾದರಿಯಲ್ಲಿವೆ. ಆ ಚಿತ್ರದಲ್ಲಿ ಮೈಕಲ್ ಬಹುಪಾಲು ಹೊತ್ತು ಚರಂಡಿಯ ಸುರಂಗದಲ್ಲಿ ಅಡಗಿರುತ್ತಾನೆ, ಕಥೆ ನಡೆಯುವುದು ಕೋರಿ ಎಂಬ ಹೊಸ ಹುಡುಗನ ಸುತ್ತ. ಬಿಡುಗಡೆಯಾದ ವಾರವೇ ಅಭಿಮಾನಿಗಳು ಮತ್ತೆ ಎರಡು ಪಾಳಯವಾದರು, ಮತ್ತೆ ಅದೇ ಪ್ರಶ್ನೆ ಹಿಡಿದು.